ಡಯಲಿನ ಬೆನ್ನ ಮೇಲಿನ ಗುರುತು

ಜನವರಿ 11

ಅಣ್ಣ,

ಈ ಪತ್ರದ ಜೊತೆ ಬಂದಿರುವ ಡಬ್ಬಿಯನ್ನು ಕೈ ತೊಳೆದುಕೊಂಡು, ಕಿಟಕಿಯ ಹತ್ತಿರ ಕೂತು ತೆರೆ. ನೋಡಲು ಮಾತ್ರೆ ಡಬ್ಬಿಯ ಹಾಗಿದೆ. ಖಾಲಿ ಎಂದು ಅತ್ತಿಗೆ ಎಸೆದುಬಿಟ್ಟಾರು, ಅವರಿಗೂ ಹೇಳಿಡು. ಒಳಗೆ ಹತ್ತಿಯ ನಡುವೆ ಒಂದು ಕೈಗಡಿಯಾರದ ಡಯಲ್ ಇದೆ.

ನಾನು ಗಡಿಯಾರ ಜೋಡಿಸುತ್ತಿದ್ದೇನೆ ಎಂದು ಹೋದ ಸಲ ಹೇಳಿದಾಗ ನೀನು ನಕ್ಕೆ. ನಗು, ಪರವಾಗಿಲ್ಲ. ವಾರವಿಡೀ ಊರವರಿಗೆಲ್ಲ ಹಲ್ಲಿನ ಸೆಟ್ಟು ಮಾಡುವವಳಿಗೆ ಭಾನುವಾರವೂ ಕೈ ಸುಮ್ಮನಿರುವುದಿಲ್ಲ. ನೀನು ನನಗೆ ‘ಇರುವೆ’ ಎಂದು ಹೆಸರಿಟ್ಟದ್ದು ಸುಮ್ಮನೆಯೇ? ಹಳೆ ಸಾಮಾನಿನ ಅಂಗಡಿಯಲ್ಲಿ ಒಂದು ಸತ್ತ ಗಡಿಯಾರ ಸಿಕ್ಕಿತ್ತು. ಒಳಗಿನ ಯಂತ್ರವನ್ನು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟ ಮೇಲೆ ಎದ್ದು ಕೂತಿದೆ. ದಿನಕ್ಕೆ ಹತ್ತು ಸೆಕೆಂಡು ಮುಂದೆ ಓಡುತ್ತದೆ, ಅಷ್ಟೆ. ಕೇಸು ಒಂದು ಕಡೆ ಸಿಕ್ಕಿತು, ಮುಳ್ಳುಗಳು ಇನ್ನೊಂದು ಕಡೆ. ಡಯಲ್ ಮಾತ್ರ ನೀರು ಕುಡಿದು ಕಲೆಗಟ್ಟಿ, ಅಂಕಿಗಳು ಅರ್ಧಂಬರ್ಧ ಅಳಿಸಿಹೋಗಿದ್ದವು. ಅದನ್ನು ಇಲ್ಲಿ ಒಬ್ಬರ ಹತ್ತಿರ ಕೊಟ್ಟು, ಹಳೆ ಬಣ್ಣ ತೆಗೆಸಿ, ಹೊಸ ಬಣ್ಣ ಹಾಕಿಸಿ, ಅಂಕಿಗಳನ್ನು ಅಚ್ಚು ಮಾಡಿಸಿದ್ದೇನೆ.

ಗಡಿಯಾರದ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಡಯಲ್ ತಪಾಸಣೆಯ ಮೇಜಿನಲ್ಲಿ ಕೂತವನು ನೀನು. ನಿವೃತ್ತನಾಗಿ ಎರಡು ವರ್ಷವಾದರೂ ಅತ್ತಿಗೆ ಬಡಿಸಿದ ತಟ್ಟೆಯನ್ನು ಓರೆಮಾಡಿ ಬೆಳಕಿಗೆ ಹಿಡಿಯುವ ಚಾಳಿ ಬಿಟ್ಟಿಲ್ಲ ಎಂದು ಕೇಳಿದ್ದೇನೆ. ಹಾಗಾಗಿ ಒಂದು ಕೆಲಸ ಹೇಳುತ್ತೇನೆ. ಇದನ್ನು ನಿನ್ನ ಮೇಜಿಗೆ ಬಂದ ಡಯಲ್ ಎಂದುಕೊಂಡೇ ನೋಡು. ತಂಗಿಯ ಗಡಿಯಾರಕ್ಕೆ ಎಂಬ ರಿಯಾಯಿತಿ ಬೇಡ. ಪಾಸಾದರೆ ಹಿಂಬದಿಯಲ್ಲಿ, ಡಯಲನ್ನು ಯಂತ್ರಕ್ಕೆ ಹಿಡಿಸುವ ಆ ಎರಡು ಪುಟ್ಟ ಕಾಲುಗಳ ನಡುವೆ, ನಿನ್ನ ಸೂಜಿಯಿಂದ ನಿನ್ನ ಗುರುತು ಗೀಚಿ ಕಳಿಸು. ಆ ಉದ್ದ ಬಾಲದ ಗೆರೆ. ಚಿಕ್ಕವಳಿದ್ದಾಗ ನನ್ನ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆಯಲ್ಲ, ಅದೇ.

ನನಗೆ ಬೇಕಾಗಿರುವುದು ಅದೊಂದೇ.

ನಿನ್ನ ತಂಗಿ


ಜನವರಿ 24

ಇರುವೆ,

ಡಬ್ಬಿ ತಲುಪಿತು. ನಿನ್ನ ಅತ್ತಿಗೆ ಎಸೆಯಲಿಲ್ಲ. ಎಸೆದಿದ್ದರೆ ಒಳ್ಳೆಯದಿತ್ತು.

ನೀನು ಕೇಳಿದಂತೆ ಮೇಜಿನ ಕ್ರಮದಲ್ಲೇ ನೋಡಿದೆ. ಮೊದಲು ತೋಳಿನಷ್ಟು ದೂರ ಹಿಡಿದು ಬರಿಗಣ್ಣು. ಆಮೇಲೆ ಉಸಿರು. ಕೊನೆಗೆ ಕಣ್ಣಿಗೆ ಕಚ್ಚಿಸುವ ಮಸೂರ, ಐಗ್ಲಾಸ್. ಈ ಕ್ರಮವನ್ನು ಹಿಂದುಮುಂದು ಮಾಡಬಾರದು. ಶುರುವಿಗೇ ಐಗ್ಲಾಸ್ ಹಾಕಿದವನಿಗೆ ದೇವರ ಮುಖದಲ್ಲೂ ಮೊಡವೆ ಕಾಣುತ್ತದೆ.

ರಿಜೆಕ್ಟ್ ಆದ ಪ್ರತಿಯೊಂದಕ್ಕೂ ಕಾರಣದ ಚೀಟಿ ಬರೆಯುವುದು ನಮ್ಮ ವಿಭಾಗದ ಪದ್ಧತಿ. ಬರೆಯುತ್ತೇನೆ, ಓದಿಕೋ. ಬರಿಗಣ್ಣಿಗೆ: ಕಿಟಕಿಯ ಬೆಳಕಿನಲ್ಲಿ ಓರೆ ಮಾಡಿದರೆ ಬಿಳಿ ಬಣ್ಣವೆಲ್ಲ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ. ಉಸಿರಿಗೆ: ಡಯಲಿನ ಮೇಲೆ ಉಸಿರು ಬಿಟ್ಟರೆ ಮಂಜು ಕಟ್ಟುತ್ತದೆ, ಅದು ಅಂಚಿನಿಂದ ನಡುವಿಗೆ ಸಮನಾಗಿ ಆರಬೇಕು. ಇಲ್ಲಿ ನಾಲ್ಕರ ಹತ್ತಿರ ಮಂಜು ಹಾಗೆಯೇ ಕೂತಿತು. ಬಣ್ಣದ ಅಡಿಯಲ್ಲಿ ಜಿಡ್ಡು ಉಳಿದಿದೆ ಎಂದರ್ಥ. ಐಗ್ಲಾಸಿಗೆ: ಎಂಟರ ಎರಡು ಕಣ್ಣುಗಳೂ ಮಸಿಯಿಂದ ಮುಚ್ಚಿಹೋಗಿವೆ. ಒಂಬತ್ತು ಹತ್ತರ ನಡುವೆ ಮೆರುಗೆಣ್ಣೆಯ ಕೆಳಗೆ ಒಂದು ಎಳೆ ಧೂಳು ಮಲಗಿ ನಿದ್ದೆ ಮಾಡುತ್ತಿದೆ. ಕೆಳಗಿನ ಸೆಕೆಂಡಿನ ಪುಟ್ಟ ವೃತ್ತಕ್ಕೆ ಒಂದು ಮೆಟ್ಟಿಲಿರಬೇಕು, ಅದನ್ನು ಬಣ್ಣ ತುಂಬಿ ಮುಚ್ಚಿದ್ದಾರೆ.

ಇದನ್ನು ಮಾಡಿದವನು ಯಾರು? ಗೋಡೆಗೆ ಸುಣ್ಣ ಬಳಿಯಲು ಹೋಗಲಿ. ಅಲ್ಲೂ ಒಳ್ಳೆಯ ಬೆಳಕಿಲ್ಲದ ಮನೆ ಹುಡುಕಿಕೊಳ್ಳಲಿ. ನನ್ನ ಕೈಯಲ್ಲಿ ಸಿಕ್ಕಿದ್ದಕ್ಕೆ ಬರೀ ಬೈಗುಳದಲ್ಲಿ ಮುಗಿಯಿತು. ನಮ್ಮ ಭೂತಗನ್ನಡಿಯ ಕೈಗೆ ಹೋಗಿದ್ದರೆ ಆ ಮನುಷ್ಯ ಕುಂಚ ಹಿಡಿಯುವುದನ್ನೇ ಬಿಡುತ್ತಿದ್ದ. ನೆನಪಿದೆಯಲ್ಲ, ನನ್ನ ಎದುರು ಮೇಜಿನವರು? ಹಿರಿಯರು. ವಾರಕ್ಕೆ ನಾಲ್ಕು ಡಯಲ್ ಪಾಸ್ ಮಾಡಿದರೆ ಅವರಿಗೆ ಜ್ವರವೇನೋ ಎಂದು ನಾವು ಕೇಳುತ್ತಿದ್ದೆವು.

ಡಯಲ್ ವಾಪಸ್ ಕಳಿಸಿದ್ದೇನೆ. ಬೇರೆಯವರ ಹತ್ತಿರ ಮಾಡಿಸು.

ಅಣ್ಣ


ಜನವರಿ 30
(ಇದನ್ನು ಅಂಚೆಗೆ ಹಾಕುವುದಿಲ್ಲ.)

ಅಣ್ಣ,

ಆ ಸುಣ್ಣ ಬಳಿಯುವವನು ನಾನೇ.

ಹಳೆ ಬಣ್ಣ ತೆಗೆದವಳು ನಾನು. ಹಲ್ಲಿಗೆ ಹೊಳಪು ಕೊಡುವ ಚಕ್ರದಲ್ಲೇ ಹಿತ್ತಾಳೆ ಬಿಲ್ಲೆಯನ್ನು ಉಜ್ಜಿದೆ. ಅಂಕಿಗಳನ್ನು ತಗಡಿನಲ್ಲಿ ಕೊರೆದು, ಆ ಗೆರೆಗಳಿಗೆ ಮಸಿ ತುಂಬಿ, ಮೆತ್ತನೆಯ ರಬ್ಬರಿನ ಉಂಡೆಯಿಂದ ಎತ್ತಿ ಡಯಲಿನ ಮೇಲೆ ಒತ್ತಿದವಳೂ ನಾನೇ. ಆ ಉಂಡೆಯನ್ನು ಏನಿಂದ ಮಾಡಿದೆ ಗೊತ್ತಾ? ಬಾಯಿಯ ಅಚ್ಚು ತೆಗೆಯುವ ರಬ್ಬರಿನಿಂದ. ನಿಮ್ಮ ಕಾರ್ಖಾನೆಯವರಿಗೂ ಹೊಳೆದಿರಲಿಲ್ಲ.

ನನ್ನದು ಎಂದು ಹೇಳಿದರೆ ನೀನು ಕರಗಿ ಪಾಸ್ ಮಾಡಿಬಿಡುತ್ತೀಯ. ಇಲ್ಲವೇ ಹಟಕ್ಕೆ ಬಿದ್ದು ಮಾಡುವುದೇ ಇಲ್ಲ. ಎರಡೂ ನನಗೆ ಬೇಡ. ಬರೀ ಡಯಲ್ ನೋಡಿ ನಿನ್ನ ಸೂಜಿ ಏಳಬೇಕು.

ನನಗೆ ಇಪ್ಪತ್ತು ವರ್ಷವಾಗಿದ್ದಾಗ ನಿಮ್ಮ ಅಚ್ಚು ವಿಭಾಗಕ್ಕೆ ಆಯ್ಕೆ ನಡೆಯಿತು. ಹನ್ನೆರಡು ಡಯಲ್ ಅಚ್ಚು ಮಾಡಿ ಕೊಡಬೇಕಿತ್ತು. ತಟ್ಟೆಗೆ ಹೆಸರಿಲ್ಲ, ಬರೀ ಸಂಖ್ಯೆ, ಮೇಲೊಂದು ಬಟ್ಟೆ. ನನ್ನ ತಟ್ಟೆಯನ್ನು ನಿನ್ನ ಮೇಜಿನ ಮೇಲೆ ಇಡುವುದನ್ನು ಗಾಜಿನ ಬಾಗಿಲಿನಿಂದ ನೋಡಿದೆ. ಖುಷಿಯಾಯಿತು. ಮಧ್ಯಾಹ್ನ ತಟ್ಟೆ ಹೊರಗೆ ಬಂದಾಗ ಹನ್ನೆರಡಕ್ಕೆ ಹನ್ನೆರಡಕ್ಕೂ ಬೆನ್ನ ಮೇಲೆ ಕೆಂಪು ಮಸಿಯ ಬೊಟ್ಟು. ಸಂಜೆ ಮನೆಗೆ ಬಂದು ನೀನು ಕಾಫಿ ಕುಡಿದೆ, ಪೇಪರ್ ಓದಿದೆ. ನಾನೂ ಕೇಳಲಿಲ್ಲ, ನೀನೂ ಹೇಳಲಿಲ್ಲ. ಮುಂದಿನ ತಿಂಗಳು ನಾನು ಹಲ್ಲಿನ ಕೆಲಸ ಕಲಿಯಲು ಹೋದೆ.

ಆ ಕೆಲಸದಲ್ಲಿ ನನಗೆ ಒಳ್ಳೆಯ ಹೆಸರಿದೆ, ಯಾರೂ ಒಂದು ಮಾತು ಆಡುವ ಹಾಗಿಲ್ಲ. ಆದರೂ ಇಪ್ಪತ್ತೆರಡು ವರ್ಷದಿಂದ ಆ ಹನ್ನೆರಡು ಬೊಟ್ಟು ನನ್ನನ್ನು ಬಿಟ್ಟಿಲ್ಲ. ನಿನ್ನ ಗುರುತು ಒಂದು ಸಲ, ಒಂದೇ ಸಲ, ನನ್ನ ಕೈಕೆಲಸದ ಮೇಲೆ ಬೀಳಬೇಕು.


ಫೆಬ್ರವರಿ 2

ಅಣ್ಣ,

ನಿನ್ನ ಚೀಟಿಯನ್ನು ಆತನಿಗೆ ಓದಿ ಹೇಳಿದೆ. ಸುಣ್ಣದ ಮಾತು ಬಿಟ್ಟು. ಆತ ತಲೆ ತಗ್ಗಿಸಿ ಕೇಳಿಸಿಕೊಂಡ. ಮೆರುಗೆಣ್ಣೆ ಹಾಕಿದ ದಿನ ಪಕ್ಕದ ಮೇಜಿನಲ್ಲಿ ಏನೋ ಉಜ್ಜುತ್ತಿದ್ದರಂತೆ, ಧೂಳು ಹಾರಿತಂತೆ. ಎಂಟರ ಕಣ್ಣು ಮುಚ್ಚಿದ್ದು ಮಸಿ ತೆಳುವಾಗಿದ್ದರಿಂದ.

ಬೇರೆಯವರ ಹತ್ತಿರ ಹೋಗುವುದಿಲ್ಲ. ಇವನಿಗೇ ಇನ್ನೊಂದು ಅವಕಾಶ ಕೊಡುತ್ತೇನೆ. ಮತ್ತೆ ಕಳಿಸುತ್ತೇನೆ, ಸೂಜಿಗೆ ತುಕ್ಕು ಹಿಡಿಯದಂತೆ ನೋಡಿಕೋ.

ತಂಗಿ


ಮಾರ್ಚ್ 19

ಅಣ್ಣ,

ಎರಡನೆಯ ಡಬ್ಬಿ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡು. ಹೆಚ್ಚು ಬರೆಯುವುದಿಲ್ಲ.

ತಂಗಿ


ಏಪ್ರಿಲ್ 3

ಇರುವೆ,

ಹೋದ ಸಲದ ಡಯಲ್ ಮಾಡಿದ ಮನುಷ್ಯನೇ ಇದನ್ನೂ ಮಾಡಿದನೆಂದರೆ ನಂಬುವುದು ಕಷ್ಟ. ಬರಿಗಣ್ಣಿಗೆ ಪಾಸ್. ಬಣ್ಣ ನಿಂತ ನೀರಿನ ಹಾಗಿದೆ. ಉಸಿರಿಗೆ ಪಾಸ್. ಮಂಜು ಅಂಚಿನಿಂದ ನಡುವಿಗೆ ಎಷ್ಟು ಚೆನ್ನಾಗಿ ಆರಿತೆಂದರೆ ಇನ್ನೆರಡು ಸಲ ಸುಮ್ಮನೆ ಊದಿ ನೋಡಿದೆ. ನಿನ್ನ ಅತ್ತಿಗೆ ಬಂದು, ಬಿಸಿ ಇದ್ಯಾ ಅಂತ ಕೇಳಿದಳು.

ಐಗ್ಲಾಸಿಗೆ ಬಿತ್ತು. ನಿಮಿಷದ ಗೆರೆಗಳನ್ನು ಒಂದು ಸಲ ಒತ್ತಿ, ಅಂಕಿಗಳನ್ನು ಇನ್ನೊಂದು ಸಲ ಒತ್ತಿದ್ದಾನೆ. ಎರಡನೆಯ ಒತ್ತು ಒಂದು ಕೂದಲೆಳೆ ಬಲಕ್ಕೆ ಜಾರಿದೆ. ಹನ್ನೆರಡು ತನ್ನ ಗೆರೆಯ ನೇರಕ್ಕೆ ನಿಂತಿಲ್ಲ. ಗಡಿಯಾರ ಕಟ್ಟಿಕೊಂಡವರಿಗೆ ಇದು ಕಾಣುವುದಿಲ್ಲ. ಏನೋ ಸರಿಯಿಲ್ಲ ಎಂದು ಮಾತ್ರ ಅನಿಸುತ್ತದೆ, ಯಾಕೆಂದು ಗೊತ್ತಾಗುವುದಿಲ್ಲ. ಆ ಯಾಕೆಯನ್ನು ಹುಡುಕುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ರಿಜೆಕ್ಟ್.

ಅವನಿಗೆ ನಾಲ್ಕು ಮಾತು ಹೇಳು. ಮೆರುಗೆಣ್ಣೆಯನ್ನು ಒಂದೇ ಸಲ ದಪ್ಪಗೆ ಹಾಕದೆ ಮೂರು ಸಲ ತೆಳ್ಳಗೆ ಹಾಕುತ್ತಿದ್ದಾನೆ, ಒಳ್ಳೆಯದು, ಬಿಡಬಾರದು. ಹಾಕುವ ಮೊದಲು ನೆಲಕ್ಕೆ ನೀರು ಚಿಮುಕಿಸಲಿ, ಧೂಳು ಕೂರುತ್ತದೆ. ಎರಡನೆಯ ಅಚ್ಚಿಗೆ ಮುಂಚೆ ಮೊದಲನೆಯದು ಪೂರ್ತಿ ಒಂದು ದಿನ ಒಣಗಲಿ. ಇದನ್ನೆಲ್ಲ ನಾನು ಕಾರ್ಖಾನೆಯಲ್ಲಿ ಯಾರಿಗೂ ಹೇಳುತ್ತಿರಲಿಲ್ಲ. ತಪಾಸಣೆಯವನು ಬಾಯಿ ಬಿಡಬಾರದು ಎಂದಿತ್ತು.

ಈಗ ಇನ್ನೊಂದು ವಿಷಯ. ಇದು ನಿನ್ನ ಅತ್ತಿಗೆಯ ಪ್ರಶ್ನೆ, ನಾನು ಬರೀ ಬರೆಯುತ್ತಿದ್ದೇನೆ. ಒಬ್ಬ ಮನುಷ್ಯ ಒಂದೇ ಡಯಲನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಮಾಡಿಕೊಡುತ್ತಾನೆ. ನೀನು ಬೇರೆಯವರ ಹತ್ತಿರ ಹೋಗುವುದಿಲ್ಲ ಅನ್ನುತ್ತೀಯ. ಅವನಿಗೆ ವಯಸ್ಸೆಷ್ಟು? ಮನೆಯಲ್ಲಿ ಯಾರಿದ್ದಾರೆ? ನಿನಗೆ ನಲವತ್ತೆರಡು ಎಂದು ನಾಚಿಕೊಳ್ಳಬೇಕಿಲ್ಲ. ಹನ್ನೆರಡು ಒಂದು ಕೂದಲೆಳೆ ಓರೆಯಾಗಿದ್ದರೆ ನನ್ನದೇನೂ ಅಡ್ಡಿಯಿಲ್ಲ, ಮನುಷ್ಯ ನೇರವಾಗಿದ್ದರೆ ಸಾಕು.

ಅಣ್ಣ


ಏಪ್ರಿಲ್ 12

ಅಣ್ಣ,

ನಿನ್ನ ಪತ್ರ ಓದಿ ಬಸ್ ನಿಲ್ದಾಣದಲ್ಲಿ ಒಬ್ಬಳೇ ನಕ್ಕೆ. ಜನ ತಿರುಗಿ ನೋಡಿದರು. ಅತ್ತಿಗೆಗೆ ಹೇಳು, ಆತನ ಜೊತೆ ಮದುವೆ ಸಾಧ್ಯವಿಲ್ಲ. ಮುಂಗೋಪಿ, ಊಟ ಮರೆಯುತ್ತಾನೆ, ತಾನು ಮಾಡಿದ್ದೇ ಸರಿ ಎನ್ನುವ ಜಾತಿ. ಅಂಥವರು ನಮ್ಮ ಮನೆಯಲ್ಲಿ ಆಗಲೇ ಒಬ್ಬರಿದ್ದಾರೆ.

ನೀನು ಹೇಳಿದ್ದನ್ನೆಲ್ಲ ಹೇಳಿದ್ದೇನೆ. ಹನ್ನೆರಡು ಜಾರಿದ್ದು ಒಣಗದಿದ್ದಕ್ಕಲ್ಲ. ಅಚ್ಚು ಒತ್ತುವಾಗ ಡಯಲನ್ನು ಕೂರಿಸುವ ಗೂಡಿನಲ್ಲಿ ಅದರ ಒಂದು ಕಾಲು ಚೂರು ಆಡುತ್ತಿತ್ತು. ಎರಡನೆಯ ಸಲ ಕೂರಿಸುವಾಗ ಹೆಬ್ಬೆರಳಿಗೆ ಗೊತ್ತಾಗಿತ್ತು. ಗೊತ್ತಾಗಿಯೂ, ಉಂಡೆಯ ಮೇಲೆ ಮಸಿ ಆರಿಹೋಗುತ್ತದೆ ಎಂಬ ಅವಸರಕ್ಕೆ ಒತ್ತಿಬಿಟ್ಟದ್ದು. ಗೂಡನ್ನು ಈಗ ಹೊಸದಾಗಿ ಕೊರೆದಾಗಿದೆ. ಕಾಲು ಇನ್ನು ಅಲುಗುವುದಿಲ್ಲ.

ಬಣ್ಣ ನಿಂತ ನೀರಿನ ಹಾಗಿದೆ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಆತನಿಗೆ ಎರಡು ಸಲ ಓದಿ ಹೇಳಿದೆ.

ತಂಗಿ


ಜೂನ್ 5

ಅಣ್ಣ,

ಇದು ಮೂರನೆಯದು, ಮತ್ತು ಕೊನೆಯದು. ಇದೂ ಬಿದ್ದರೆ ಯಂತ್ರವನ್ನೂ ಮುಳ್ಳನ್ನೂ ಮಾರಿಬಿಡುತ್ತೇನೆ, ಭಾನುವಾರ ಬಟ್ಟೆ ಒಗೆದುಕೊಂಡಿರುತ್ತೇನೆ.

ಆದರೆ ಬೀಳುವುದಿಲ್ಲ. ನಾನೇ ನಿನ್ನ ಕ್ರಮದಲ್ಲಿ ನೋಡಿದ್ದೇನೆ. ಮೂರು ಭಾನುವಾರ, ಮೂರು ಬೇರೆ ಬೇರೆ ಬೆಳಕಿನಲ್ಲಿ. ಸೆಕೆಂಡಿನ ವೃತ್ತದ ಮೆಟ್ಟಿಲಿನ ಮೇಲೆ ಉಗುರು ಆಡಿಸಿದರೆ ಟಿಕ್ ಎಂದು ತಡೆಯುತ್ತದೆ. ಇಷ್ಟು ಚೆಂದದ ಎಂಟನ್ನು ನಾನು ಎಲ್ಲೂ ಕಂಡಿಲ್ಲ. ಹೊಗಳಿಕೆ ಅತಿಯಾಯಿತು ಎನಿಸಿದರೆ ಅನಿಸಲಿ, ನನಗೆ ಹೆಮ್ಮೆಯಾಗಿದೆ.

ಗುರುತು ಎಲ್ಲಿ ಹಾಕಬೇಕೆಂದು ಗೊತ್ತಲ್ಲ.

ತಂಗಿ


ಜುಲೈ 14

ಇರುವೆ,

ಡಯಲ್ ವಾಪಸ್ ಕಳಿಸಿ ಇಪ್ಪತ್ತೈದು ದಿನವಾಯಿತು. ತಲುಪಿದೆ ಎಂದು ಅಂಚೆಯವರು ಹೇಳುತ್ತಾರೆ. ನಿನ್ನಿಂದ ಒಂದಕ್ಷರವಿಲ್ಲ. ಜ್ವರವೇ? ಕೆಲಸ ಜಾಸ್ತಿಯೇ? ಊರಿನವರಿಗೆಲ್ಲ ಒಟ್ಟಿಗೇ ಹಲ್ಲು ಬಿದ್ದವೇ?

ಕುಣಿದಾಡಿಕೊಂಡು ಬರೆಯುತ್ತೀಯ ಎಂದು ನಾನು ದಿನವೂ ಹನ್ನೊಂದಕ್ಕೆ ಬಾಗಿಲಲ್ಲಿ ನಿಲ್ಲುತ್ತಿದ್ದೇನೆ. ಅಂಚೆಯವರು ಈಗ ನನ್ನನ್ನು ಕಂಡರೆ ಪಕ್ಕದ ಮನೆಯಿಂದ ಶುರುಮಾಡುತ್ತಾರೆ. ಮೂರು ಸಾಲು ಬರೆಯಲು ಏನು ರೋಗ?

ಅಣ್ಣ


ಜುಲೈ 22

ಅಣ್ಣ,

ಕುಣಿದಾಡಬೇಕಿತ್ತೇ? ಯಾವುದಕ್ಕೆ?

ಡಬ್ಬಿ ತೆರೆದೆ. ಮೊದಲು ಡಯಲನ್ನು ತಿರುಗಿಸಿ ಬೆನ್ನು ನೋಡಿದೆ. ನಿನ್ನ ಗೆರೆ ಇಲ್ಲ. ಮೂರು ಚುಕ್ಕಿಗಳಿವೆ, ಒಲೆಯ ಗುಂಡುಗಳ ಹಾಗೆ. ಅದೇನೆಂದು ನನಗೆ ಗೊತ್ತಿಲ್ಲ. ಹತ್ತಿಯನ್ನೆಲ್ಲ ಬಿಡಿಸಿ ಚೀಟಿ ಹುಡುಕಿದೆ. ಇಲ್ಲ. ಕೆಟ್ಟ ಡಯಲಿಗೆ ಪುಟ ತುಂಬ ಕಾರಣ ಬರೆದವನು ಒಳ್ಳೆಯದಕ್ಕೆ ಒಂದು ಸಾಲೂ ಬರೆಯಲಿಲ್ಲ. ಹಾಗೆ ಎತ್ತಿಟ್ಟುಬಿಟ್ಟೆಯಾ? ಬೈಯುವಷ್ಟೂ ಯೋಗ್ಯವಲ್ಲವೇ ಅದು?

ಇನ್ನು ಮುಚ್ಚಿಟ್ಟು ಏನಾಗಬೇಕು. ಆತ ಎಂಬ ಮನುಷ್ಯನಿಲ್ಲ. ಮೂರು ಡಯಲನ್ನೂ ಮಾಡಿದವಳು ನಾನು. ಗೋಡೆಗೆ ಸುಣ್ಣ ಬಳಿದವಳೂ ನಾನೇ, ನಿಂತ ನೀರಿನ ಹಾಗೆ ಬಣ್ಣ ಹಾಕಿದವಳೂ ನಾನೇ. ನನ್ನದೆಂದು ಗೊತ್ತಿಲ್ಲದೆ ನೀನು ಒಪ್ಪಬೇಕು ಎಂದು ಆಸೆಪಟ್ಟೆ. ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಹನ್ನೆರಡು ಡಯಲಿಗೆ ಕೆಂಪು ಬೊಟ್ಟಿಟ್ಟು, ಮನೆಗೆ ಬಂದು ಕಾಫಿ ಕುಡಿದೆಯಲ್ಲ. ಆವತ್ತು ನಾನು ಬಾಯಿ ಬಿಡಲಿಲ್ಲ. ಇವತ್ತು ಬಿಡುತ್ತೇನೆ. ಆ ಹನ್ನೆರಡು ಕೆಟ್ಟದಾಗಿದ್ದವು, ಒಪ್ಪುತ್ತೇನೆ. ಇದು ಕೆಟ್ಟದಲ್ಲ. ನೀನು ಗುರುತು ಹಾಕದಿದ್ದರೂ ಇದು ಕೆಟ್ಟದಾಗುವುದಿಲ್ಲ. ಯಂತ್ರ ಮಾರುತ್ತೇನೆ ಎಂದಿದ್ದೆ, ಮಾರುವುದಿಲ್ಲ.

ಕೋಪದಲ್ಲಿ ಬರೆದಿದ್ದೇನೆ. ಅಳುತ್ತಲೂ ಬರೆದಿದ್ದೇನೆ. ತಿದ್ದುವುದಿಲ್ಲ.

ತಂಗಿ


ಜುಲೈ 29

ನನ್ನ ಇರುವೆ,

ನಿನ್ನ ಪತ್ರವನ್ನು ನಿನ್ನ ಅತ್ತಿಗೆ ಮೊದಲು ಓದಿದಳು. ಓದಿ ನನ್ನ ಮುಂದೆ ಇಟ್ಟು, "ಮೂವತ್ತಾರು ವರ್ಷ ತಪ್ಪು ಹುಡುಕಿದ್ರಲ್ಲ, ಈಗ ನಿಮ್ಮದು ಹುಡುಕಿ," ಎಂದಳು. ಹುಡುಕಿದೆ. ಸಿಕ್ಕಿದೆ.

ನಮ್ಮ ವಿಭಾಗದಲ್ಲಿ ಚೀಟಿ ರಿಜೆಕ್ಟ್ ಆದದ್ದಕ್ಕೆ ಮಾತ್ರ. ಪಾಸಾದ ಡಯಲಿಗೆ ಒಂದು ಪದವೂ ಬರೆಯುವುದಿಲ್ಲ, ಬೆನ್ನ ಮೇಲೆ ಗುರುತು ಹಾಕಿ ಹಾಗೆಯೇ ಕಳಿಸುತ್ತೇವೆ. ಚೀಟಿ ಇಲ್ಲದ ತಟ್ಟೆ ವಾಪಸ್ ಬಂದರೆ ಅಚ್ಚು ವಿಭಾಗದಲ್ಲಿ ಚಪ್ಪಾಳೆ ತಟ್ಟುತ್ತಿದ್ದರು. ಚೀಟಿಯಿಲ್ಲದ ಡಬ್ಬಿ ನೋಡಿ ನೀನೂ ಹಾಗೇ ಖುಷಿಪಡುತ್ತೀಯ ಎಂದುಕೊಂಡೆ. ನಿನ್ನ ಕೈಗೆ ಈವರೆಗೆ ರಿಜೆಕ್ಟ್ ಆದದ್ದಷ್ಟೇ ಬಂದಿತ್ತು, ಪಾಸಾದದ್ದು ಹೇಗೆ ಬರುತ್ತದೆಂದು ನಿನಗೆ ಗೊತ್ತಿರಲು ಸಾಧ್ಯವೇ ಇಲ್ಲ ಎಂಬುದು ನನ್ನ ತಲೆಗೆ ಹೋಗಲಿಲ್ಲ. ನಾನು ಕತ್ತೆ.

ಈಗ ಮೂರು ಚುಕ್ಕಿ. ಅದು ಭೂತಗನ್ನಡಿಯವರ ಗುರುತು. ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು, ನಿನಗೂ ಗೊತ್ತಿರುತ್ತದೆ ಎಂದುಕೊಂಡೆ.

ಏಪ್ರಿಲಿನ ಪತ್ರದಲ್ಲಿ ನೀನು ಹೆಬ್ಬೆರಳಿನ ವಿಷಯ ಬರೆದಿದ್ದೆ. ಅದನ್ನು ಓದಿದ ಕೂಡಲೇ ಎದ್ದು ನಿಂತೆ. ಮಾಡಿಸಿದವರು ಬೈಯುತ್ತಾರೆ, ಮಾಡಿದವರು ಕಾರಣ ಹೇಳುತ್ತಾರೆ. ಗೊತ್ತಾಗಿಯೂ ಅವಸರಕ್ಕೆ ಒತ್ತಿಬಿಟ್ಟೆ ಎಂಬುದನ್ನು ಯಾವ ಕೆಲಸಗಾರನೂ ಗಿರಾಕಿಯ ಹತ್ತಿರ ಒಪ್ಪಿಕೊಳ್ಳುವುದಿಲ್ಲ. ಅದು ನಿನ್ನದೇ ಹೆಬ್ಬೆರಳು. ನಿನಗೆ ಬರೆಯಬೇಕೆಂದು ಕೂತೆ, ಬರೆಯಲಿಲ್ಲ. ನೀನಾಗಿಯೇ ಹೇಳದೆ ಇಟ್ಟದ್ದನ್ನು ನಾನು ಕೆದಕಬಾರದು ಅನಿಸಿತು.

ಆದರೆ ಅಲ್ಲಿಗೆ ನನ್ನ ಕೈ ಕಟ್ಟಿಹೋಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಿನ್ನನ್ನು ಹೆತ್ತಿಲ್ಲ, ಆದರೆ ನಡೆಯಲು ಕಲಿಸಿದವನು ನಾನು. ಕೆಲಸಕ್ಕೆ ಸೇರಿದ ದಿನದಿಂದ ನನ್ನದೊಂದು ನೇಮ: ನನ್ನವರ ಕೆಲಸ ಎಂದು ತಿಳಿದರೆ ಅದನ್ನು ನಾನು ನೋಡುವುದಿಲ್ಲ, ಎದುರು ಮೇಜಿಗೆ ಕೊಡುತ್ತೇನೆ. ಯಾರ ಕೆಲಸ ಎಂದು ಅವರಿಗೆ ಹೇಳುವುದಿಲ್ಲ. ಅವರೂ ಕೇಳುವುದಿಲ್ಲ.

ಆವತ್ತು ನಿನ್ನ ತಟ್ಟೆಯನ್ನು ನನ್ನ ಮೇಜಿನ ಮೇಲೆ ಇಟ್ಟದ್ದು ನಿಜ. ಬಟ್ಟೆ ಎತ್ತಿದೆ. ಹನ್ನೆರಡು ಡಯಲೂ ಒಂದೇ ದಿಕ್ಕಿಗೆ ಮುಖಮಾಡಿ, ಸಾಲು ಹಿಡಿದು ಕೂತಿದ್ದವು. ಮನೆಯಲ್ಲಿ ಲೋಟಗಳನ್ನು ಹಾಗೆ ಜೋಡಿಸುವವಳು ಒಬ್ಬಳೇ. ಬಟ್ಟೆ ಮುಚ್ಚಿ ಭೂತಗನ್ನಡಿಯವರ ಮೇಜಿಗೆ ಇಟ್ಟು, ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತೆ. ನೀನು ಗಾಜಿನ ಬಾಗಿಲಿನಿಂದ ಅಷ್ಟರಲ್ಲಿ ಹೋಗಿಬಿಟ್ಟಿರಬೇಕು. ಆ ಹನ್ನೆರಡನ್ನು ನಾನು ಇವತ್ತಿನವರೆಗೂ ಹತ್ತಿರದಿಂದ ನೋಡಿಲ್ಲ. ಸಂಜೆ ಹೇಳಬಹುದಿತ್ತು. ಹೇಳಿದರೆ, ನೀನೇ ನೋಡಿದ್ದರೆ ಪಾಸ್ ಮಾಡುತ್ತಿದ್ದೆಯಾ ಎಂದು ನೀನು ಕೇಳುತ್ತಿದ್ದೆ. ಹಾಗಾಗಿ ಕಾಫಿ ಕುಡಿದೆ. ಅದರ ರುಚಿ ಹೇಗಿತ್ತೆಂದು ನನಗೆ ಈಗಲೂ ಗೊತ್ತಿಲ್ಲ.

ಮೂರನೆಯ ಡಯಲ್ ಬಂದಾಗ ಡಬ್ಬಿ ತೆರೆದೆ, ಬರಿಗಣ್ಣಿಗೆ ಕಂಡದ್ದನ್ನು ತಪ್ಪಿಸಲಾಗಲಿಲ್ಲ. ಐಗ್ಲಾಸನ್ನು ಮಾತ್ರ ಮುಟ್ಟಲಿಲ್ಲ. ಡಬ್ಬಿಯನ್ನು ಅಂಗಿಯ ಜೇಬಿಗೆ ಹಾಕಿ, ಮೇಲೆ ಕೈ ಇಟ್ಟುಕೊಂಡು, ಎರಡು ಬಸ್ಸು ಬದಲಿಸಿ ಅವರ ಮನೆಗೆ ಹೋದೆ. ಎದೆನೋವೇ ಎಂದು ಕಂಡಕ್ಟರ್ ಕೇಳಿದರು.

ಭೂತಗನ್ನಡಿಯವರಿಗೆ ಈಗ ಎಪ್ಪತ್ತೊಂದು. ಮೂರನೆಯ ಮಹಡಿ, ಬಾಲ್ಕನಿಯ ಪಕ್ಕ ಅದೇ ಹಳೆಯ ಮೇಜು. ಡಬ್ಬಿ ಕೊಟ್ಟೆ, ಒಂದನ್ನು ನೋಡಿಕೊಡಬೇಕು ಎಂದೆ. ಯಾರದು ಎಂದು ಕೇಳಲಿಲ್ಲ. ಬರಿಗಣ್ಣು, ಉಸಿರು, ಐಗ್ಲಾಸ್. ನಲವತ್ತು ನಿಮಿಷ, ಇರುವೆ, ನಲವತ್ತು ನಿಮಿಷ. ನನ್ನ ಮೇಜಿನ ಎದುರು ಇಷ್ಟು ವರ್ಷ ನಿಂತ ಜನರ ಸಂಕಟ ಏನೆಂದು ಅವತ್ತು ತಿಳಿಯಿತು. ಎರಡು ಸಲ ಅವರು ಹುಂ ಎಂದರು. ಅವರ ಹುಂ ಒಳ್ಳೆಯದಲ್ಲ ಎಂದು ನನಗೆ ಗೊತ್ತಿತ್ತು. ಕೊನೆಗೆ ಎದ್ದು ಒಳಗೆ ಹೋಗಿ ಡ್ರಾಯರಿನಲ್ಲಿ ತಡಕಾಡಿದರು. ಸೂಜಿ ತಂದರು. ನನ್ನ ಕಣ್ಣೆದುರೇ ಮೂರು ಚುಕ್ಕಿ ಹಾಕಿದರು.

ಆಮೇಲೆ ಕೇಳಿದರು, "ಯಾವ ಕಾರ್ಖಾನೆದು?"

"ಕಾರ್ಖಾನೆದಲ್ಲ. ಮನೇಲಿ ಮಾಡಿದ್ದು," ಎಂದೆ.

"ನನ್ನ ಹತ್ರ ಸುಳ್ಳು ಹೇಳಬೇಡ."

"ನನ್ನ ತಂಗಿ ಮಾಡಿದ್ದು. ಹಲ್ಲಿನ ಕೆಲಸ ಮಾಡ್ತಾಳಲ್ಲ, ಅವಳು. ಇಪ್ಪತ್ತೆರಡು ವರ್ಷದ ಹಿಂದೆ ಅವಳ ಹನ್ನೆರಡು ಡಯಲ್ ನಿಮ್ಮ ಮೇಜಿಗೆ ಬಂದಿತ್ತು. ಎಲ್ಲಾ ರಿಜೆಕ್ಟ್ ಮಾಡಿದ್ರಿ."

ಅವರು ಸೂಜಿಯನ್ನು ಒರೆಸಿಟ್ಟರು. "ನೆನಪಿಲ್ಲ. ಮಾಡಿದ್ರೆ ಸರಿಯಾಗೇ ಮಾಡಿರ್ತೀನಿ. ಇದನ್ನೂ ಸರಿಯಾಗೇ ಮಾಡಿದೀನಿ."

ನಾನು ಪಾಸ್ ಮಾಡಿದ್ದರೆ ಅಣ್ಣನ ಅಕ್ಕರೆ ಎಂದು ಒಂದಲ್ಲ ಒಂದು ದಿನ ನಿನಗೇ ಅನುಮಾನ ಬರುತ್ತಿತ್ತು. ಅವರಿಗೆ ನಿನ್ನ ಮೇಲೆ ಯಾವ ಅಕ್ಕರೆಯೂ ಇಲ್ಲ, ಯಾರ ಮೇಲೂ ಇಲ್ಲ. ಅದಕ್ಕೇ ಅವರ ಹತ್ತಿರ ಹೋದೆ. ನನ್ನ ಗೆರೆಗಿಂತ ಆ ಮೂರು ಚುಕ್ಕಿ ದೊಡ್ಡದು, ಇದನ್ನು ಬರೆಯಲು ನನಗೆ ಸುಲಭವಲ್ಲ, ಆದರೂ ನಿಜ. ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಎಲ್ಲ ಹೇಳಿದೆ. ಅವರು ಕೇಳಿರಲಿಲ್ಲ. ಅವರು ಇಳಿಯುವ ನಿಲ್ದಾಣ ಬಂದರೂ ಬಿಡಲಿಲ್ಲ. ನನ್ನ ತಂಗಿ, ನನ್ನ ತಂಗಿ ಎಂದು ಎಷ್ಟು ಸಲ ಅಂದೆನೋ. ನನಗೆ ಆಗಿರುವ ಹೆಮ್ಮೆಯನ್ನು ಚೀಟಿಯಲ್ಲಿ ಬರೆಯುವ ಪದ್ಧತಿ ಇರಬೇಕಿತ್ತು.

ಇದರ ಜೊತೆ ಒಂದು ಡಬ್ಬಿ ಇದೆ. ಒಳಗಿರುವುದು ಭೂತಗನ್ನಡಿಯವರ ಸ್ವಂತ ಗಡಿಯಾರದ ಡಯಲ್. ನಿವೃತ್ತಿಯ ದಿನ ಕಾರ್ಖಾನೆ ಕೊಟ್ಟದ್ದು, ಹಳದಿಗಟ್ಟಿದೆ. ನಿನ್ನೆ ನಮ್ಮ ಮನೆಗೆ ಬಂದು, ಮೂರು ಮೆಟ್ಟಿಲು ಹತ್ತಲೂ ಏದುಸಿರು ಬಿಡುತ್ತಾ, ಇದನ್ನು ಅವಳೇ ಮಾಡಲಿ ಎಂದರು. ಹನ್ನೊಂದು ವರ್ಷದಿಂದ ಅವರು ಇದನ್ನು ಯಾರ ಕೈಗೂ ಕೊಟ್ಟಿರಲಿಲ್ಲ.

ಅಣ್ಣ


ಸೆಪ್ಟೆಂಬರ್ 8

ಅಣ್ಣ,

ನಿನ್ನ ಪತ್ರ ಬಂದ ದಿನ ಕೆಲಸಕ್ಕೆ ರಜೆ ಹಾಕಿ ದಿನವಿಡೀ ಕೂತು ಓದಿದೆ. ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ನೀನು ಕತ್ತೆ ಎಂದು ಬರೆದಿರುವ ಸಾಲಿನ ಕೆಳಗೆ ಗೆರೆ ಎಳೆದಿದ್ದೇನೆ.

ನನ್ನ ಗಡಿಯಾರ ಜೋಡಿಸಿ ಮುಗಿಸಿದೆ. ಮುಚ್ಚುವ ಮೊದಲು ಆ ಮೂರು ಚುಕ್ಕಿಯನ್ನು ಇನ್ನೊಂದು ಸಲ ನೋಡಿದೆ. ಇನ್ನು ಅದನ್ನು ಯಾರೂ ನೋಡುವುದಿಲ್ಲ, ನಾನೂ ನೋಡುವುದಿಲ್ಲ. ಅದು ಅಲ್ಲಿದೆ ಎಂದು ನನಗೆ ಗೊತ್ತು, ಸಾಕು. ಕೈಗೆ ಕಟ್ಟಿಕೊಂಡು ಕೆಲಸಕ್ಕೆ ಹೋದೆ. ಗಂಟೆ ಎಷ್ಟು ಎಂದು ಯಾರಾದರೂ ಕೇಳಲಿ ಎಂದು ಮೂರು ದಿನ ಕಾದೆ, ಪುಣ್ಯಾತ್ಮರು ಒಬ್ಬರೂ ಕೇಳಲಿಲ್ಲ. ನಾನೇ ಹೇಳಿದೆ.

ಭೂತಗನ್ನಡಿಯವರ ಡಯಲ್ ವಿಷಯ. ಅದನ್ನು ಮಾಡಿದ ಮೇಲೆ ನೋಡುವವರು ಯಾರು ಎಂದು ಯೋಚಿಸಿದೆ. ಅವರು ತಮ್ಮದೇ ಗಡಿಯಾರದ್ದನ್ನು ನೋಡುವ ಹಾಗಿಲ್ಲ. ನೀನು ನನ್ನ ಕೆಲಸವನ್ನು ನೋಡುವ ಹಾಗಿಲ್ಲ. ಹಾಗಾಗಿ ನಾನೇ ನೋಡುತ್ತೇನೆ. ಬಡಗಿಗಳ ಉಳಿ ಮಾಡುವವರ ಹತ್ತಿರ ಹೋಗಿ ಒಂದು ಒಳ್ಳೆಯ ಉಕ್ಕಿನ ಸೂಜಿ ಮಾಡಿಸಿಕೊಂಡಿದ್ದೇನೆ. ನನ್ನ ಗುರುತು ಏನೆಂದು ನಿನಗೆ ಹೇಳುವುದಿಲ್ಲ, ಬೆನ್ನು ತಿರುಗಿಸಿ ನೋಡಿದಾಗ ತಿಳಿಯುತ್ತದೆ.

ಮೊದಲನೆಯ ಸಲ ಮಾಡಿದ್ದಕ್ಕೆ ಐದರ ಹೊಟ್ಟೆ ದಪ್ಪವಾಗಿತ್ತು. ಎರಡನೆಯದಕ್ಕೆ ಉಸಿರು ಎರಡರ ಹತ್ತಿರ ತಡವಾಗಿ ಆರಿತು. ನೀನಾಗಿದ್ದರೆ ಬಿಡುತ್ತಿದ್ದೆಯೋ ಏನೋ, ನಾನು ಬಿಡಲಿಲ್ಲ. ಎರಡಕ್ಕೂ ಚೀಟಿ ಬರೆದು, ಅಳಿಸಿ, ಮೂರನೆಯ ಸಲ ಶುರುಮಾಡಿದ್ದೇನೆ. ಅವರಿಗೆ ಕಾಯಲು ಹೇಳು.

ತಂಗಿ